ಹೆರಿಗೆಗೆಂದು ಕೊಂಡ ಕಾರು

ದೆಹಲಿಯ ಆರ್.ಕೆ.ಪುರಂನ ಕನ್ನಡದವರಲ್ಲಿ ಚಾರ್ಟರ್ಡ್ ಬಸ್ಸನ್ನೇ ನಂಬಿಕೊಂಡು ನೌಕರಿ ಮುಗಿಸುವವರು ಯಾರಾದರೂ ಇದ್ದರೆ ಅದು ದೇವೇಂದ್ರಪ್ಪನವರೇ ಎಂದು ಎಲ್ಲರೂ ತಿಳಿದಿದ್ದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರು, ಕ್ವಾರ್ಟರ್ಸಿನಲ್ಲಿ ಎರಡನೆಯ ಮಹಡಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಒಂದು ಸ್ಕೂಟರನ್ನು ಕೂಡ ಕೊಂಡವರಲ್ಲ. ಅಂಥವರು ಎರಡು ಸಾವಿರದ ಮೂರರ ದೀಪಾವಳಿ ಕಳೆದ ವಾರ ಊಟಕ್ಕೆ ಕೂತು, “ಮುರಳೀಧರನ ಕಾರು ತಗೊಳ್ತಿದೀನಿ” ಅಂದಾಗ ಹೆಂಡತಿ ಸರಳಾ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು ನಿಂತುಬಿಟ್ಟಳು.

“ಯಾವುದು, ಆ ಬಿಳಿ ಮಾರುತಿನಾ? ಅದರ ಬಿಳಿ ಹೋಗಿ ಎಷ್ಟು ಕಾಲ ಆಯ್ತು?”

“ಬಣ್ಣ ಕಟ್ಕೊಂಡು ಏನು ಮಾಡ್ಬೇಕು. ಅವನು ರಿಟೈರ್ ಆಗಿ ಮೈಸೂರಿಗೆ ಹೋಗ್ತಿದಾನೆ. ಕಡಿಮೆಗೆ ಕೊಡ್ತೀನಿ ಅಂದ. ಪಿ.ಎಫ್.ನಲ್ಲಿ ಸ್ವಲ್ಪ ತೆಗೀತೀನಿ.”

“ನಿಮಗೆ ಕಾರು ಓಡಿಸೋಕೆ ಬರುತ್ತಾ?”

“ಕಲೀತೀನಿ.”

ಕಾಲೇಜಿಗೆ ಹೋಗುವ ಮಗ ದಿಲೀಪ್ ರೊಟ್ಟಿ ಮುರಿಯುತ್ತ ನಕ್ಕ. “ಅಪ್ಪಾಜಿ, ಪಂದ್ರಾ ಸಾಲ್ ಪುರಾನಿ ಗಾಡಿ, ಹದಿನೈದು ವರ್ಷದ್ದು. ಮನೇಲಿ ಮೆಕ್ಯಾನಿಕ್‌ಗೆ ಒಂದು ರೂಮು ಕೊಡಬೇಕಾಗುತ್ತೆ.”

“ಅನನ್ಯಾ ಹೆರಿಗೆಗೆ ಬರ್ತಾಳಲ್ಲೋ” ಅಂದರು ದೇವೇಂದ್ರಪ್ಪ. “ನೀನು ಹುಟ್ಟೋವಾಗ ನಿಮ್ಮಮ್ಮನ್ನ ಹಾಲಿನ ವ್ಯಾನಿನಲ್ಲಿ ಕೂರಿಸ್ಕೊಂಡು ಹೋಗಿದ್ದೆ. ಕ್ಯಾನುಗಳ ಮಧ್ಯೆ. ಆವತ್ತೇ ಅಂದ್ಕೊಂಡಿದ್ದೆ, ಮಗಳ ಕಾಲಕ್ಕೆ ಹೀಗಾಗಬಾರದು ಅಂತ.”

ಆ ಮಾತಿಗೆ ಸರಳಾ ಎದುರಾಡಲಿಲ್ಲ. ದಿಲೀಪನ ಅಕ್ಕ ಅನನ್ಯಾಳ ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಗಂಡ ವಿಕ್ರಮ್ ಗ್ರೇಟರ್ ನೋಯ್ಡಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅಲ್ಲೇ ಫ್ಲ್ಯಾಟು, ಪಕ್ಕದಲ್ಲೇ ಆಸ್ಪತ್ರೆ. ಹೆರಿಗೆ ಅಲ್ಲೇ ಆಗಲಿ ಎಂದು ಅವನಿಗಿತ್ತು. ಆದರೆ ಚೊಚ್ಚಲು ತವರಲ್ಲೇ ಆಗಬೇಕು ಎಂದು ದೇವೇಂದ್ರಪ್ಪನವರ ತಾಯಿ ವಿಜಯಮ್ಮ ಪಟ್ಟು ಹಿಡಿದು ಕೂತಿದ್ದರು. ದಾವಣಗೆರೆಯಿಂದ ಬಂದು ಮಗನ ಜೊತೆ ಇದ್ದ ಆ ಮುದುಕಿಯ ಮಾತನ್ನು ಮನೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ತೆಗೆದುಹಾಕಿದರೆ ಎರಡು ದಿನ ಊಟ ಬಿಡುತ್ತಿದ್ದರು, ಅದರ ಗೋಳು ಬೇರೆ.

ಹೀಗೆ ಕಾರು ಬಂತು. ವಿಜಯಮ್ಮ ಮೊಮ್ಮಗನ ಭುಜ ಹಿಡಿದು ಮೆಟ್ಟಿಲಿಳಿದು ಬಂದು ಬಾನೆಟ್ಟಿಗೆ ವಿಭೂತಿ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಡಿಸಿ, ಕಾಯಿ ಒಡೆಸಿದರು. ದೇವೇಂದ್ರಪ್ಪ ತಿಂಗಳೊಳಗೆ ಓಡಿಸಲು ಕಲಿತರು. ಕಲಿತರು ಎಂದರೆ, ಗೇರು ಬದಲಿಸುವಾಗಲೆಲ್ಲ ಉಸಿರು ಹಿಡಿಯುತ್ತಿದ್ದರು. ಚಳಿಯ ಬೆಳಗಿನಲ್ಲಿ ಚೋಕ್ ಎಳೆದು ಕಾರನ್ನು ಮಗುವನ್ನು ಎಬ್ಬಿಸುವ ಹಾಗೆ ಎಬ್ಬಿಸಬೇಕಿತ್ತು. ಆದರೂ ಭಾನುವಾರ ಬಕೆಟ್ಟು ಬಟ್ಟೆ ಹಿಡಿದು ಕೆಳಗಿಳಿದರೆ ಸರಳಾ ಊಟಕ್ಕೆ ಕೂಗುವ ತನಕ ಅವರು ಮೇಲೆ ಬರುತ್ತಿರಲಿಲ್ಲ. ಗಂಡ ಇಷ್ಟು ಖುಷಿಯಾಗಿದ್ದದ್ದನ್ನು ಸರಳಾ ಬಹಳ ಕಾಲದ ಮೇಲೆ ನೋಡಿದ್ದಳು. ಬಾಯಲ್ಲಿ ಹೇಳದಿದ್ದರೂ ಅವಳಿಗೂ ಖುಷಿಯಾಗಿತ್ತು.

ತೊಂದರೆ ಕಾರಿನದಲ್ಲ, ದೇವೇಂದ್ರಪ್ಪನವರದು. ಅವರ ಬಾಯಿಗೆ ‘ಇಲ್ಲ’ ಅನ್ನುವ ಮಾತು ಬರುತ್ತಿರಲಿಲ್ಲ.

ಕಾರು ಬಂದ ಸುದ್ದಿ ಕನ್ನಡದವರ ನಡುವೆ ಹಬ್ಬಿದ್ದೇ ತಡ, ಫೋನು ಶುರುವಾಯಿತು. ಪಕ್ಕದ ಬ್ಲಾಕಿನ ಪಂಕಜಾಗೆ ಮಗಳ ನಿಶ್ಚಿತಾರ್ಥದ ಸೀರೆಗೆ ಕರೋಲ್ ಬಾಗ್‌ಗೆ ಹೋಗಬೇಕಿತ್ತು. ಇನ್ನೊಬ್ಬರ ಅತ್ತೆ ಮಾವ ನಿಜಾಮುದ್ದೀನ್ ಸ್ಟೇಷನ್ನಿಗೆ ಬಂದಿಳಿಯುವವರಿದ್ದರು. ಊರಿನಿಂದ ದೊಡ್ಡ ಆಸ್ಪತ್ರೆಗೆ ತೋರಿಸಲು ಬರುವವರಂತೂ ಸರಿಯೇ ಸರಿ. ಅವರು ಹಿಂದೆಯೂ ಬರುತ್ತಿದ್ದರು, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ವಾರಗಟ್ಟಲೆ ಇರುತ್ತಿದ್ದರು, ಸರಳಾ ಬೇಯಿಸಿ ಹಾಕುತ್ತಿದ್ದಳು. ಈಗ ಅವರನ್ನು ಕರೆದುಕೊಂಡು ಹೋಗುವುದು, ಕರೆದುಕೊಂಡು ಬರುವುದು ಕೂಡ ಮನೆಯ ಕೆಲಸವಾಯಿತು.

“ರೀ, ನಾವು ಕಾರು ಕೊಂಡಿದ್ದಾ, ಟ್ಯಾಕ್ಸಿ ಸ್ಟ್ಯಾಂಡ್ ಇಟ್ಟಿದ್ದಾ?” ಎಂದು ಸರಳಾ ಒಂದು ದಿನ ಹಿಟ್ಟು ನಾದುತ್ತಲೇ ಕೇಳಿದಳು. “ನನ್ನನ್ನ ತರಕಾರಿ ಮಂಡಿಗೆ ಒಂದು ದಿನ ಕರ್ಕೊಂಡು ಹೋಗಿದೀರಾ?”

“ಬಾ, ಈಗಲೇ ಹೋಗೋಣ.”

“ಈಗ ಪೆಟ್ರೋಲ್ ಇದೆಯಾ ನೋಡಿ ಮೊದಲು.”

ಪೆಟ್ರೋಲ್ ಇರಲಿಲ್ಲ. ದಿಲೀಪ್ ಒಳಗಿನಿಂದ, “ಸಮಾಜಸೇವಾ ಟ್ರಾವೆಲ್ಸ್” ಎಂದು ಕೂಗಿದ. ವಿಜಯಮ್ಮ ಮಾತ್ರ ಮಗನ ಪರ. “ನಮ್ಮ ಊರಿನೋರಿಗೆ ಇಲ್ಲಿ ಭಾಷೆ ಬರಲ್ಲ, ದಾರಿ ಗೊತ್ತಿಲ್ಲ. ಅವನು ಮಾಡದೆ ಇನ್ಯಾರು ಮಾಡ್ತಾರೆ? ನೀನು ಮದುವೆಯಾಗಿ ಬಂದಾಗ ನಿಂಗೆ ಹಿಂದಿ ಬರ್ತಿತ್ತೇನೇ ಸರಳಾ?”

ಸರಳಾ ಮತ್ತೆ ಹಿಟ್ಟಿಗೆ ಕೈಹಾಕಿದಳು. ಹೊಸದಾಗಿ ಬಂದಾಗ ಹಿಂದಿ ಬಾರದೆ ತರಕಾರಿ ಭಯ್ಯಾನ ಮುಂದೆ ನಿಂತು ಅತ್ತದ್ದನ್ನು ಅತ್ತೆಗೆ ಹೇಳಿ ತಪ್ಪು ಮಾಡಿದೆ ಎಂದುಕೊಂಡಳು.

ಡಿಸೆಂಬರಿನಲ್ಲಿ ಅನನ್ಯಾ ಬಂದಳು. ವಿಕ್ರಮ್ ಅವಳ ಎರಡು ಚೀಲ, ಒಂದು ದಿಂಬು, ಔಷಧದ ಡಬ್ಬಿ ಎಲ್ಲ ಇಳಿಸಿಕೊಟ್ಟು, ಚಹಾ ಕುಡಿಯುವಾಗ ಮಾವನ ಕಡೆ ತಿರುಗಿ, “ಮಾವ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಕಾರು ಮನೇಲಿ ಇರುತ್ತಲ್ಲ?” ಅಂದ.

ದೇವೇಂದ್ರಪ್ಪನವರ ಮುಖ ಸಣ್ಣದಾಯಿತು. ಅಳಿಯನವರೆಗೂ ಸುದ್ದಿ ಹೋಗಿದೆ ಎಂದು ಸರಳಾಳ ಕಡೆ ನೋಡಿದರು. ಅವಳು ಬೇಕೆಂತಲೇ ಚಹಾ ಸೋಸುವುದರಲ್ಲಿ ಮುಳುಗಿದಳು.

“ಜನವರಿ ಬಂದ ಮೇಲೆ ಈ ಕಾರು ಅನನ್ಯಾ ಒಳಗೆ ಕೂತಿದ್ರೆ ಮಾತ್ರ ಗೇಟು ದಾಟೋದು” ಅಂದರು ದೇವೇಂದ್ರಪ್ಪ. “ಯಾರು ಕೇಳಿದ್ರೂ ಅಷ್ಟೆ. ಇದು ನನ್ನ ಮಾತು.”

ಮಾತು ಉಳಿಸಿಕೊಂಡರು ಕೂಡ. ಜನವರಿಯ ಮೊದಲ ವಾರ ಯಾರೋ ಸ್ಟೇಷನ್ನಿಗೆ ಕೇಳಿದಾಗ ಫೋನಿನಲ್ಲಿ ತಡವರಿಸಿ ತಡವರಿಸಿ, ಕಡೆಗೆ ‘ಆಗೋದಿಲ್ಲ’ ಅಂದರು. ಫೋನಿಟ್ಟ ಮೇಲೆ ತಪ್ಪು ಮಾಡಿದವರ ಹಾಗೆ ಬಾಲ್ಕನಿಯಲ್ಲಿ ನಿಂತಿದ್ದರು. ಅನನ್ಯಾ ಹಿಂದಿನಿಂದ ಹೋಗಿ, “ಅಪ್ಪಾಜಿ, ಮೊದಲನೇ ಸಲ ‘ಇಲ್ಲ’ ಅಂದ್ರಿ. ಕಾಂಗ್ರ್ಯಾಚುಲೇಷನ್ಸ್” ಎಂದಳು. ಇಬ್ಬರೂ ನಕ್ಕರು.

ತಿಂಗಳ ತಪಾಸಣೆ, ವಾರದ ತಪಾಸಣೆ ಎಂದು ಹೆರಿಗೆ ಆಸ್ಪತ್ರೆಗೆ ಅವರೇ ಕರೆದೊಯ್ಯುತ್ತಿದ್ದರು. ಎಲ್ಲಿ ಉಬ್ಬು ಇದೆ, ಎಲ್ಲಿ ಗುಂಡಿ ಇದೆ ಎಲ್ಲ ಬಾಯಿಪಾಠ. ಉಬ್ಬಿನ ಹತ್ತಿರ ಎಷ್ಟು ನಿಧಾನ ಮಾಡುತ್ತಿದ್ದರೆಂದರೆ ಹಿಂದಿನವರು ಹಾರ್ನು ಒತ್ತಿ ಒತ್ತಿ ಬೈಯುತ್ತಿದ್ದರು. “ಬೈಯಲಿ ಬಿಡು” ಎನ್ನುತ್ತಿದ್ದರು ಅವರು. ಹಿಂದಿನ ಸೀಟಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತ ಮಗಳು, ಪಕ್ಕದಲ್ಲಿ ತಾನು, ಮುಂದೆ ಕತ್ತು ಚಾಚಿಕೊಂಡು ಓಡಿಸುವ ಗಂಡ. ಆ ಕಾರಿನಲ್ಲಿ ಸರಳಾ ಸುಖಪಟ್ಟದ್ದು ಅಂದರೆ ಅಷ್ಟೇ ದಿನ.

ಹರಿಹರದಿಂದ ಸುರೇಶನ ಫೋನು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ವಿಜಯಮ್ಮನ ತವರಿನ ಕಡೆಯವನು, ಅಲ್ಲೇ ಸಣ್ಣ ದರ್ಜಿ ಅಂಗಡಿ. ಮಗಳು ಧನ್ಯಾಗೆ ಹುಟ್ಟಿನಿಂದ ಹೃದಯದಲ್ಲಿ ತೂತು. ದೆಹಲಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಗಂಡ ಹೆಂಡತಿ ಇಬ್ಬರಿಗೂ ಹಿಂದಿ ಒಂದಕ್ಷರ ಬಾರದು.

“ಪ್ರೀಪೇಯ್ಡ್ ಆಟೋ ತಗೊಳ್ಲಿ. ಅಡ್ರೆಸ್ ಬರೆದು ಫೋನಲ್ಲೇ ಹೇಳ್ಕೊಡ್ತೀನಿ” ಅಂದ ದಿಲೀಪ್.

“ಮಗುವಿಗೆ ತುಟಿ ನೀಲಿಯಾಗುತ್ತಂತೆ ಕಣೋ, ನಡೆದರೆ ಸಾಕು” ಅಂದರು ವಿಜಯಮ್ಮ.

“ಅತ್ತೆ, ಇವರು ವಿಕ್ರಮ್‌ಗೆ ಮಾತು ಕೊಟ್ಟಿದಾರೆ” ಅಂದಳು ಸರಳಾ.

“ಹೌದು, ಕೊಟ್ಟಿದೀನಿ” ಅಂದರು ದೇವೇಂದ್ರಪ್ಪ. “ಬೇರೆ ಯಾರನ್ನಾದ್ರೂ ಕೇಳ್ತೀನಿ.” ಆ ಸಂಜೆ ಕಾರಿದ್ದವರ ಮನೆಗೆಲ್ಲ ಫೋನು ಮಾಡಿದರು. ದೇವೇಂದ್ರಪ್ಪನವರ ಕಾರಿನಲ್ಲಿ ಊರೆಲ್ಲ ಸುತ್ತಿದವರಿಗೂ ರೈಲು ಬರುವ ಬೆಳಿಗ್ಗೆ ಒಂದೊಂದು ಕೆಲಸವಿತ್ತು.

ರೈಲು ಬರುವ ದಿನ ಬೆಳಿಗ್ಗೆ ಕಿಟಕಿಯಾಚೆ ಎದುರಿನ ಬ್ಲಾಕು ಕಾಣದಷ್ಟು ಮಂಜು ಕವಿದಿತ್ತು. ವಿಜಯಮ್ಮ ಪೂಜೆಗೆ ಕೂತಿದ್ದರು. ದಿಲೀಪ್ ಎದ್ದಿರಲಿಲ್ಲ. ದೇವೇಂದ್ರಪ್ಪ ಸ್ವೆಟರು ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು, ಕಡೆಗೆ ಮಗಳು ಮಲಗಿದ್ದ ಕೋಣೆಗೆ ಹೋದರು. ಸರಳಾ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

“ಅನೂ. ಅನೂ ಮರಿ. ಸ್ಟೇಷನ್ನಿಗೆ ಹೋಗ್ಬರ್ಲಾ? ಆ ಸುರೇಶ ಮಗು ಕರ್ಕೊಂಡು ಬರ್ತಿದಾನೆ. ನೀನು ಬೇಡ ಅಂದ್ರೆ ಹೋಗಲ್ಲ.”

ರಜಾಯಿಯೊಳಗಿನಿಂದ ಅನನ್ಯಾ ಅರ್ಧ ಕಣ್ಣು ತೆರೆದಳು. “ಹೋಗ್ಬನ್ನಿ ಅಪ್ಪಾಜಿ. ಪಾಪ, ಮಗು. ನಂಗೇನೂ ಆಗಲ್ಲ, ಇನ್ನೂ ದಿನ ಇದೆ” ಎಂದು ಗೋಡೆಯ ಕಡೆ ಹೊರಳಿದಳು. ಹೊರಳುವಷ್ಟರಲ್ಲಿ ಮತ್ತೆ ನಿದ್ದೆ ಹೋಗಿದ್ದಳು.

ದೇವೇಂದ್ರಪ್ಪ ಹೆಂಡತಿಯ ಕಡೆ ನೋಡಿದರು. ಸರಳಾ, “ಅವಳೇ ಹೇಳಿದ ಮೇಲೆ ಇನ್ನೇನು. ತಿಂಡಿ ಹೊತ್ತಿಗೆ ಬಂದುಬಿಡಿ” ಎಂದು ದಿಲೀಪನ ಮೊಬೈಲನ್ನು ಅವರ ಜೇಬಿಗೆ ಹಾಕಿದಳು.

ಆವತ್ತು ಗಣರಾಜ್ಯೋತ್ಸವದ ಮೆರವಣಿಗೆಯ ಪೂರ್ಣ ತಾಲೀಮು. ಪ್ರತಿವರ್ಷ ಆ ದಿನ ನಡುದೆಹಲಿಯ ರಸ್ತೆಗಳನ್ನು ಮುಚ್ಚುತ್ತಾರೆ. ಅದನ್ನು ಸರ್ಕಾರಿ ನೌಕರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಷ್ಟು ವರ್ಷ ಅವರು ಆ ದಿನ ಬಸ್ಸಿನಲ್ಲಿ ಕೂತಿದ್ದರು, ದಾರಿ ಹುಡುಕುವ ತಾಪತ್ರಯ ಬಸ್ಸಿನವನದಾಗಿತ್ತು. ಸ್ವಂತ ಕಾರಿನವನಾಗಿ ಅದನ್ನು ನೆನಪಿಡಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ಮಂಜಿನಿಂದ ರೈಲು ತಡವಾಯಿತು. ಇಗೋ ಬರುತ್ತೆ, ಈಗ ಬರುತ್ತೆ ಎಂದು ಪ್ಲ್ಯಾಟ್‌ಫಾರ್ಮಿನಲ್ಲೇ ನಿಂತರು. ತಿಂಡಿಯ ಹೊತ್ತು ಮೀರಿತು.

ಸರಳಾ ರೊಟ್ಟಿ ಬಡಿಯುತ್ತಿದ್ದಾಗ ಬಚ್ಚಲ ಕಡೆಯಿಂದ ಅನನ್ಯಾ “ಅಮ್ಮಾ” ಎಂದಳು. ಜೋರಾಗಿ ಕೂಗಲಿಲ್ಲ. ಸರಳಾ ಹೋಗಿ ನೋಡಿದರೆ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ನೈಟಿಯೆಲ್ಲ ರಕ್ತ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ದಿಲೀಪ್ ಬರಿಗಾಲಲ್ಲಿ ಆಟೋಗೆ ಓಡಿದ. ಮೇಲಿನ ಮನೆಯವರ ಕಾರು ಆಫೀಸಿಗೆ ಹೋಗಿಯಾಗಿತ್ತು. ಕೆಳಗಿನವರು ಊರಲ್ಲಿರಲಿಲ್ಲ. ಸರಳಾ ಗಂಡನ ಹತ್ತಿರವಿದ್ದ ಮೊಬೈಲಿಗೆ ಫೋನು ಮಾಡಿದಳು.

“ಬಂದೆ, ಬಂದೆ. ಇವರು ರಸ್ತೆ ಮುಚ್ಚಿಬಿಟ್ಟಿದಾರೆ, ಹಿಂದೆನೂ ಹೋಗೋಕಾಗ್ತಿಲ್ಲ. ಪೊಲೀಸಿನವನನ್ನ ಕೇಳ್ತೀನಿ ತಾಳು” ಅಂದರು ದೇವೇಂದ್ರಪ್ಪ. ಅವರ ದನಿಯ ಹಿಂದೆ ಎಲ್ಲೋ ಬ್ಯಾಂಡು ಬಾರಿಸುತ್ತಿತ್ತು. ಮಗುವೊಂದು ಅಳುತ್ತಿತ್ತು. “ಸರಳಾ, ಅವಳಿಗೆ ಫೋನು ಕೊಡು. ಸರಳಾ?”

ಅವಳು ಫೋನು ಕೊಡಲಿಲ್ಲ. ಕೊಡುವ ಸ್ಥಿತಿಯೂ ಇರಲಿಲ್ಲ.

ಮುಖ್ಯರಸ್ತೆಯಲ್ಲಿ ಆಟೋಗಳು ನಿಲ್ಲಲಿಲ್ಲ, ನಿಂತವು ಬರಲೊಪ್ಪಲಿಲ್ಲ. ದಿಲೀಪ್ ಕಡೆಗೆ ಒಂದು ಆಟೋದ ಮುಂದೆ ಅಡ್ಡ ನಿಂತು, ಕೈಮುಗಿದು ಕರೆತಂದ. ಹೋಗುವ ದಾರಿಯಲ್ಲಿ ಪ್ರತಿ ಉಬ್ಬಿಗೂ ಅನನ್ಯಾ ತಾಯಿಯ ಕೈ ಹಿಸುಕುತ್ತಿದ್ದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹಿಸುಕುವುದು ನಿಂತಿತ್ತು.

ಅನನ್ಯಾಳನ್ನು ಉಳಿಸಿಕೊಂಡರು. ಹೆಣ್ಣು ಮಗು, ಉಳಿಯಲಿಲ್ಲ. ಡಾಕ್ಟರಮ್ಮ ಸರಳಾಳ ಭುಜ ಮುಟ್ಟಿ, “ಥೋಡಾ ಪೆಹಲೇ ಆ ಜಾತೇ ತೋ” ಅಂದರು. ಸ್ವಲ್ಪ ಮೊದಲೇ ಬಂದಿದ್ದರೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಮನೆಯೊಳಗೆ ಬಂದು ಕೂತುಬಿಟ್ಟಿತು.

ಮಗುವನ್ನು ಮಣ್ಣಿಗೆ ಕೊಂಡೊಯ್ದದ್ದು ಅದೇ ಕಾರಿನಲ್ಲಿ. ವಿಕ್ರಮ್ ಮುಂದೆ ಕೂರಲೊಪ್ಪದೆ, ಬಿಳಿ ಬಟ್ಟೆಯ ಆ ಸಣ್ಣ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದನಂತೆ. ದೇವೇಂದ್ರಪ್ಪ ಉಬ್ಬು ಬಂದಾಗೆಲ್ಲ ಕಾರನ್ನು ನಿಲ್ಲಿಸಿದಷ್ಟು ನಿಧಾನ ಮಾಡಿದರಂತೆ. ಇದನ್ನು ದಿಲೀಪ್ ಅಡಿಗೆಮನೆಯಲ್ಲಿ ನಿಂತು ಹೇಳಿದಾಗ ಸರಳಾ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಆಸ್ಪತ್ರೆಯಿಂದ ಬಂದ ಅನನ್ಯಾಗೆ ಜ್ವರ ಹಿಡಿಯಿತು. ಎದೆಹಾಲು ಬಂತು. ಕುಡಿಯುವವರಿಲ್ಲದ ಹಾಲು. ಸರಳಾ ಬಟ್ಟೆ ಬಿಗಿದು ಕಟ್ಟಿದಳು, ವಿಜಯಮ್ಮ ನೋಡಲಾರದೆ ಮುಖ ತಿರುಗಿಸಿದರು. ಆದರೂ, “ಮಗು ಇಲ್ಲ ಅಂತ ಮೈಗೆ ಗೊತ್ತಾಗುತ್ತೇನೇ? ಅದು ಬಾಣಂತಿ ಮೈಯೇ” ಎಂದು ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಎಲ್ಲ ಕ್ರಮವಾಗಿ ಮಾಡಿಸಿದರು. ಅನನ್ಯಾ ಕೊಟ್ಟದ್ದನ್ನು ತಿನ್ನುತ್ತಿದ್ದಳು. ಅಳುತ್ತಿರಲಿಲ್ಲ. ಅಪ್ಪ ಕೋಣೆಯ ಬಾಗಿಲಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಆ ಬೆಳಗಿನದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. “ಹಿಂದಿನ ರಾತ್ರಿ ಮಲಗಿದ್ದು ಗೊತ್ತು. ಆಮೇಲೆ ನೋವು ಗೊತ್ತು. ನಡುವೆ ಏನೂ ಇಲ್ಲ” ಅಂದಿದ್ದಳು.

ಒಂದು ಭಾನುವಾರ ವಿಕ್ರಮ್ ಬಂದಿದ್ದ. ಅನನ್ಯಾ ಕೋಣೆಯಲ್ಲಿದ್ದಳು, ಉಳಿದವರು ಊಟಕ್ಕೆ ಕೂತಿದ್ದರು. ಅನ್ನ ಕಲಸುತ್ತ ಕಲಸುತ್ತ ಅವನು ಕೈ ನಿಲ್ಲಿಸಿದ.

“ಮಾವ, ನಾನು ಒಂದೇ ಒಂದು ಕೇಳಿದ್ದು ನಿಮ್ಮನ್ನ.”

“ಹೌದಪ್ಪ.”

“ಕಾರು ಯಾರಿಗೋಸ್ಕರ ತಗೊಂಡ್ರಿ? ನನ್ನ ಹೆಂಡತಿ ಇಲ್ಲಿ ರಕ್ತ ಸುರಿಸ್ತಿದ್ರೆ ನೀವು ಊರೋರ ಲಗೇಜ್ ಎತ್ತುತಿದ್ರಿ.”

“ಹೌದಪ್ಪ. ನಂದೇ ತಪ್ಪು.”

“ಅಪ್ಪಾಜಿಗೆ ಊರೋರೆಲ್ಲ ಬೇಕು, ಮನೆಯವರನ್ನ ಬಿಟ್ಟು” ಅಂದ ದಿಲೀಪ್, ತಟ್ಟೆ ನೋಡುತ್ತಲೇ. ಮಗುವಿನ ನೀಲಿ ತುಟಿಯ ಮಾತೆತ್ತಿದ್ದ ವಿಜಯಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

‘ಅವರು ಕೇಳಿಯೇ ಹೋದದ್ದು, ನಿನ್ನ ಹೆಂಡತಿಯೇ ಹೋಗಿ ಅಂದದ್ದು’ ಎಂದು ಹೇಳಲು ಸರಳಾ ಬಾಯಿ ತೆರೆದಿದ್ದಳು. ದೇವೇಂದ್ರಪ್ಪ ತಲೆಯೆತ್ತಿ ಅವಳನ್ನು ನೋಡಿದರು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. ಅವಳು ಮಜ್ಜಿಗೆ ತರುತ್ತೇನೆಂದು ಎದ್ದುಹೋದಳು.

ಮಧ್ಯಾಹ್ನ ಅಳಿಯ ಹೊರಟ ಮೇಲೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವ ನೆವದಲ್ಲಿ ಗಂಡನನ್ನು ಹಿಡಿದುಕೊಂಡಳು. “ಯಾಕೆ ತಡೆದ್ರಿ ನನ್ನ? ಎಲ್ಲರೂ ನಿಮ್ಮ ಮುಖಕ್ಕೆ ಉಗೀತಿದಾರೆ. ನಾನು ಕಣ್ಣಾರೆ ನೋಡಿದೀನಿ, ನೀವು ಅವಳನ್ನ ಕೇಳಿದ್ರಿ.”

“ಮೆಲ್ಲಗೆ ಮಾತಾಡು.”

“ಯಾಕೆ ಮೆಲ್ಲಗೆ?”

“ಅವಳಿಗೆ ಮರೆತುಹೋಗಿದೆ ಸರಳಾ. ಮರೆತೇ ಇರಲಿ. ತಾನೇ ಕಳಿಸಿದ್ದು ಅಂತ ಗೊತ್ತಾದ್ರೆ ಆ ಹುಡುಗಿ ಬದುಕ್ತಾಳಾ?”

“ನೀವು ಬದುಕ್ತೀರಾ?”

“ನನ್ನದೇನು, ಮುದುಕ. ಬೈಸ್ಕೊಂಡು ಇರ್ತೀನಿ. ಅವಳು ಇನ್ನೂ ಹೆರಬೇಕು.”

ಸರಳಾ ಒಣಗದ ಟವೆಲನ್ನೇ ಮಡಚುತ್ತ ನಿಂತಳು. ಈ ಮನುಷ್ಯನ ಒಳ್ಳೆಯತನದ ಮೇಲೆ ಅವಳಿಗೆ ಸಿಟ್ಟು ಬಂತು, ಅದೇ ಒಳ್ಳೆಯತನವಲ್ಲವೇ ಇಷ್ಟಕ್ಕೂ ಕಾರಣ ಎಂದು. ಅದರ ಹಿಂದೆಯೇ ಅಳು ಬಂತು. ತಾನು ಬಾಯಿ ಬಿಟ್ಟರೆ ಮಗಳು ಹೋಗುತ್ತಾಳೆ, ಬಿಡದಿದ್ದರೆ ಗಂಡನನ್ನು ದಿನವೂ ಹೀಗೆ ನೋಡಬೇಕು. “ಆಯ್ತು, ಯಾರಿಗೂ ಹೇಳಲ್ಲ” ಅಂದಳು ಕಡೆಗೆ.

ಮನೆಯ ಊಟ, ಪಾತ್ರೆ, ಬಟ್ಟೆ ಎಲ್ಲ ಮೊದಲಿನಂತೆಯೇ ನಡೆಯಿತು. ದೇವೇಂದ್ರಪ್ಪ ಮತ್ತೆ ಬಸ್ಸಿಗೆ ಹೋಗತೊಡಗಿದರು. ಕಾರಿನ ಮೇಲೆ ಧೂಳು ಕೂತಿತು. ಕನ್ನಡದವರ ಫೋನುಗಳೂ ನಿಂತವು. ಸಾವಾದ ಮನೆಯವರನ್ನು ಕಾರು ಕೇಳಲು ಅವರಿಗೂ ನಾಚಿಕೆ.

ಫೆಬ್ರವರಿಯ ಕೊನೆಗೆ ಅನನ್ಯಾ ಗ್ರೇಟರ್ ನೋಯ್ಡಾಕ್ಕೆ ವಾಪಸು ಹೋಗುವುದೆಂದಾಯಿತು. ವಿಕ್ರಮ್ ಸಂಜೆ ಟ್ಯಾಕ್ಸಿ ತರುವವನಿದ್ದ. “ನಾನೇ ಬಿಟ್ಟುಬರ್ತೀನಲ್ಲ” ಎಂದು ದೇವೇಂದ್ರಪ್ಪ ಕೇಳಲು ಹೋಗಲಿಲ್ಲ. ಸರಳಾ ಚಟ್ನಿಪುಡಿ, ಉಂಡೆ ಎಂದು ಡಬ್ಬಿಗಳನ್ನು ತುಂಬುತ್ತಿದ್ದಳು. ಆಗ ಬಾಗಿಲು ತಟ್ಟಿದ ಸದ್ದಾಯಿತು.

ಸುರೇಶ, ಅವನ ಹೆಂಡತಿ ಲೀಲಾವತಿ, ಅವಳ ಕೈ ಹಿಡಿದ ಧನ್ಯಾ. ಆಪರೇಷನ್ ಆಗಿ, ಆಸ್ಪತ್ರೆಯ ಧರ್ಮಶಾಲೆಯಲ್ಲಿದ್ದು, ಸಂಜೆಯ ರೈಲಿಗೆ ಊರಿಗೆ ಹೊರಟಿದ್ದರು. ಈ ಮನೆಗೆ ಒದಗಿದ್ದು ಅವರಿಗೆ ಗೊತ್ತಿತ್ತು. ಬರುವ ಧೈರ್ಯವಾಗದೆ ಅಷ್ಟು ದಿನ ಬಂದಿರಲಿಲ್ಲ, ಹೇಳದೆ ಹೋಗಲು ಮನಸ್ಸಾಗದೆ ಈಗ ಬಂದಿದ್ದರು. ಸಿಹಿ ತರಬಾರದೆಂದು ತಿಳಿದು ಬಾಳೆಹಣ್ಣು ತಂದಿದ್ದರು.

ಸರಳಾ ಚಹಾ ಕೊಟ್ಟಳು. ಹುಡುಗಿ ಸೋಫಾ ಸುತ್ತ ನಡೆದಾಡಿತು. ನಡೆದರೂ ತುಟಿ ಕೆಂಪಗೇ ಇತ್ತು. ಅನನ್ಯಾ ಕೋಣೆಯಿಂದ ಬಂದು, ಅದನ್ನು ಹತ್ತಿರ ಕರೆದು, ಸಡಿಲವಾಗಿದ್ದ ಜಡೆಯನ್ನು ಬಿಚ್ಚಿ ಕಟ್ಟತೊಡಗಿದಳು. ಲೀಲಾವತಿ ಅದನ್ನು ನೋಡಿ ಬಿಕ್ಕಿದಳು.

“ಅಕ್ಕಾ, ನಿಮ್ಮ ಋಣ ಯಾವ ಜನ್ಮಕ್ಕೂ ತೀರಲ್ಲ” ಅಂದ ಸುರೇಶ ಅನನ್ಯಾಗೆ. “ಅಣ್ಣಾರು ಆವತ್ತು ಸ್ಟೇಷನ್ನಿನಲ್ಲೇ ಹೇಳಿದ್ರು. ‘ನಾನು ಬರೋದು ಬೇಡ ಅಂತಿದ್ದೆ ಸುರೇಶ, ನನ್ನ ಮಗಳೇ ಪಾಪ ಮಗು, ಹೋಗ್ಬನ್ನಿ ಅಂದ್ಲು’ ಅಂತ. ಹೊಟ್ಟೇಲಿ ಮಗು ಇಟ್ಕೊಂಡು ನಮ್ಮ ಮಗೂನ ನೆನೆಸಿದ್ರಿ ನೀವು.”

ಜಡೆ ಕಟ್ಟುತ್ತಿದ್ದ ಕೈ ನಿಂತಿತು.

“ಛೇ, ಅದು ಸುಮ್ಮನೆ ಹೇಳಿದ್ದು ಕಣಯ್ಯ” ಅಂದರು ದೇವೇಂದ್ರಪ್ಪ, ಬಹಳ ಬೇಗ. “ನಿಮಗೆ ಸಂಕೋಚ ಆಗ್ಬಾರದು ಅಂತ. ಅವಳು ಮಲಗಿದ್ದಳು, ಅವಳಿಗೆ ಗೊತ್ತೇ ಇಲ್ಲ. ಏಳಿ, ಏಳಿ, ರೈಲಿಗೆ ಹೊತ್ತಾಯ್ತು. ನಾನು ಬಿಡ್ತೀನಿ.”

ಅವರೆಲ್ಲ ಇಳಿದುಹೋದರು. ಕೆಳಗೆ ವಾರಗಳಿಂದ ನಿಂತಿದ್ದ ಕಾರು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆದದ್ದು ಮೇಲಕ್ಕೆ ಕೇಳಿಸಿತು.

ಅನನ್ಯಾ ಅಡಿಗೆಮನೆಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. “ಅಮ್ಮ, ನಿಜ ಹೇಳು. ನಾನು ಹೋಗ್ಬನ್ನಿ ಅಂದ್ನಾ?”

“ಯಾವಾಗ?”

“ಆವತ್ತು ಬೆಳಿಗ್ಗೆ. ನಂಗೆ ಏನೋ ಕನಸಿನ ಹಾಗೆ ಬರ್ತಿರುತ್ತೆ. ಅಪ್ಪಾಜಿ ಸ್ವೆಟರ್ ಹಾಕ್ಕೊಂಡು ಹಾಸಿಗೆ ಹತ್ರ ನಿಂತಿರೋದು. ನೀನು ಬಾಗಿಲಲ್ಲಿ ಇದ್ದೆ. ಇದ್ದೆ ತಾನೆ? ನಾನೇ ಕಳಿಸಿದ್ನಾ ಅಮ್ಮ? ನಾನೇ ನನ್ನ ಮಗೂನ…”

ಮುಂದಿನದನ್ನು ಅವಳು ಹೇಳಲಿಲ್ಲ. ಅವಳ ಕೈ ಖಾಲಿ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು. ಸರಳಾ ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದಳು. ಗಂಡನ ಜೊತೆ ಬಾಳಿದ ಅಷ್ಟೂ ವರ್ಷದಲ್ಲಿ ಅವರ ಮೇಲೆ ಬೇಕಾದಷ್ಟು ಹರಿಹಾಯ್ದಿದ್ದಳು. ಸುಳ್ಳು ಮಾತ್ರ ಹೊರಿಸಿರಲಿಲ್ಲ.

“ಇಲ್ಲಮ್ಮ” ಅಂದಳು. “ನೀನು ಮಲಗಿದ್ದೆ. ನಾನು ಬೇಡ ಅಂತ ಬಡ್ಕೊಂಡೆ. ನಿಮ್ಮಪ್ಪ ಕೇಳಲಿಲ್ಲ, ನಿನ್ನನ್ನ ಎಬ್ಬಿಸಲೂ ಇಲ್ಲ. ಹಾಗೇ ಹೊರಟುಬಿಟ್ರು.”

“ಆಣೆ?”

“ನಿನ್ನಾಣೆ.”

ಅನನ್ಯಾ ಅಲ್ಲೇ ಕುಸಿದು ಕೂತಳು. ಆ ದಿನದಿಂದ ಅಳದಿದ್ದವಳು ತಾಯಿಯ ಮಡಿಲಲ್ಲಿ ಮುಖವಿಟ್ಟು ದೊಡ್ಡ ದನಿಯಲ್ಲಿ ಅತ್ತಳು. ವಿಜಯಮ್ಮ ಗಾಬರಿಯಾಗಿ ಬಂದವರು ಅಳಲಿ ಬಿಡು ಎಂದು ಸನ್ನೆ ಮಾಡಿ ಹೋದರು. ಸರಳಾ ಮಗಳ ಬೆನ್ನು ಸವರುತ್ತಲೇ ಇದ್ದಳು. ಒಂದು ಹೊರೆ ಇಳಿದದ್ದು ಅವಳ ಕೈಗೇ ಗೊತ್ತಾಗುತ್ತಿತ್ತು. ಅದು ಯಾರ ತಲೆಗೆ ಹೋಯಿತೆಂಬುದೂ ಗೊತ್ತಿತ್ತು.

ದೇವೇಂದ್ರಪ್ಪ ಸ್ಟೇಷನ್ನಿನಿಂದ ಬರುವ ಹೊತ್ತಿಗೆ ವಿಕ್ರಮ್ ಟ್ಯಾಕ್ಸಿ ತಂದಿದ್ದ. ದಿಲೀಪ್ ಚೀಲಗಳನ್ನು ಕೆಳಗೆ ಒಯ್ಯುತ್ತಿದ್ದ. ಅನನ್ಯಾ ಅಜ್ಜಿಗೆ ನಮಸ್ಕಾರ ಮಾಡಿ, ತಾಯಿಗೆ ನಮಸ್ಕಾರ ಮಾಡಿ ಬಾಗಿಲ ಹತ್ತಿರ ಬಂದಳು. ಬಾಗಿಲಲ್ಲಿ ಅಪ್ಪ ನಿಂತಿದ್ದರು, ಕಾರಿನ ಕೀಲಿ ಕೈಯಲ್ಲೇ ಇತ್ತು.

“ಅಪ್ಪಾಜಿ.”

ಅಷ್ಟು ವಾರಗಳ ಮೇಲೆ ಮೊದಲ ಸಲ ಮಗಳು ಕರೆದದ್ದು. ದೇವೇಂದ್ರಪ್ಪನವರ ಮುಖ ಅರಳಿದ್ದನ್ನು ಸರಳಾ ನೋಡಿದಳು. ನೋಡಬಾರದಿತ್ತು ಅನಿಸಿತು.

“ಒಂದು ಮಾತು ನನ್ನನ್ನ ಕೇಳಬಹುದಿತ್ತಲ್ಲ ನೀವು” ಅಂದಳು ಅನನ್ಯಾ. “ಎಬ್ಬಿಸಿ ಕೇಳಿದ್ರೆ ಸಾಕಿತ್ತು. ಬೇಡ ಅಂತಿದ್ದೆ.”

ದೇವೇಂದ್ರಪ್ಪ ಮಗಳ ಹಿಂದೆ ನಿಂತ ಹೆಂಡತಿಯ ಕಡೆ ನೋಡಿದರು. ಸರಳಾ ತಲೆ ಎತ್ತಲಿಲ್ಲ. ಅವರು ಗೋಡೆಗೆ ಸರಿದು ಮಗಳಿಗೆ ದಾರಿ ಬಿಟ್ಟರು.

“ಹೌದಮ್ಮ” ಅಂದರು. “ಕೇಳದೇ ಹೋದೆ.”